ಓಲೈಕೆಯಿಂದ ಬಲವಂತದವರೆಗೆ: ಒತ್ತಡದ ಮಾತಿಗೆ ಎಷ್ಟು ಮೆಟ್ಟಿಲು?

ಬೆಂಗಳೂರು: ಜಯನಗರ ನಾಲ್ಕನೇ ಬ್ಲಾಕಿನ ಹೂವಿನ ಅಂಗಡಿಯ ಮುಂದೆ ನಿಂತ ಗೃಹಿಣಿ 'ಇನ್ನೊಂದು ಮೊಳ ಹಾಕಮ್ಮಾ' ಎಂದು ಒತ್ತಾಯಿಸುತ್ತಾರೆ. ಜೆ.ಪಿ. ನಗರದ ತಂತ್ರಜ್ಞನೊಬ್ಬ 'ಮ್ಯಾನೇಜರ್ ಆರ್ಮ್ ಟ್ವಿಸ್ಟ್ ಮಾಡಿ ಭಾನುವಾರವೂ ಕೆಲಸ ಮಾಡಿಸಿದರು' ಎಂದು ಮನೆಯಲ್ಲಿ ದೂರುತ್ತಾನೆ. ಬನಶಂಕರಿಯ ಹಿರಿಯರೊಬ್ಬರು 'ಮಕ್ಕಳ ಮುಲಾಜಿಗೆ ಬಿದ್ದು ಸಹಿ ಹಾಕಿಬಿಟ್ಟೆ' ಎಂದು ನೆರೆಯವರಲ್ಲಿ ಹೇಳಿಕೊಳ್ಳುತ್ತಾರೆ. ಬಿ.ಟಿ.ಎಂ. ಬಡಾವಣೆಯ ಪೇಯಿಂಗ್ ಗೆಸ್ಟ್ ಕೊಠಡಿಯಲ್ಲಿರುವ ಯುವಕನಿಗೆ ಸಾಲ ವಸೂಲಿಯವನು ಫೋನಿನಲ್ಲಿ 'ಆವಾಜ್' ಹಾಕುತ್ತಾನೆ.

ನಾಲ್ಕೂ ಪ್ರಸಂಗಗಳಲ್ಲಿ ನಡೆದಿರುವುದು ಒಂದೇ ಕೆಲಸ. ಒಬ್ಬರ ಇಚ್ಛೆಯಂತೆ ಇನ್ನೊಬ್ಬರು ನಡೆಯುವಂತೆ ಮಾಡುವುದು. ಆದರೆ ಮೊದಲನೆಯದು ನಿತ್ಯದ ಚೌಕಾಸಿ, ಕೊನೆಯದು ಅಪರಾಧವಾಗಬಹುದು. ನಡುವಿನ ಎರಡು ಯಾವ ಸಾಲಿಗೆ ಸೇರುತ್ತವೆ ಎಂಬುದು ನಡೆದದ್ದೇನು ಎಂಬುದನ್ನು ಎಷ್ಟು ಸ್ಪಷ್ಟವಾಗಿ ಹೇಳಲಾಗುತ್ತದೆ ಎಂಬುದನ್ನು ಅವಲಂಬಿಸಿದೆ. ಆದ್ದರಿಂದಲೇ ಈ ನುಡಿಗಟ್ಟುಗಳ ಪರಿಚಯ ಕೇವಲ ಭಾಷಾಪ್ರಿಯರ ವಿಷಯವಲ್ಲ.

ಪದಗಳ ಅರ್ಥಭೇದದ ಇಂಥ ಚರ್ಚೆ ದಕ್ಷಿಣ ಬೆಂಗಳೂರಿಗೆ ಹೊಸದೇನಲ್ಲ. ವಿಜಯ ಕಾಲೇಜಿನಲ್ಲಿ ಬೋಧಿಸಿ, ಜಯನಗರದಲ್ಲಿ ನೆಲೆಸಿದ್ದ ನಿಘಂಟುಕಾರ ಪ್ರೊ. ಜಿ. ವೆಂಕಟಸುಬ್ಬಯ್ಯ (1913-2021) 1991ರಲ್ಲಿ 'ಪ್ರಜಾವಾಣಿ'ಯಲ್ಲಿ ಆರಂಭಿಸಿದ 'ಇಗೋ ಕನ್ನಡ' ಅಂಕಣ ಓದುಗರ ಪದಸಂಶಯಗಳಿಗೆ ವರ್ಷಗಟ್ಟಲೆ ಉತ್ತರ ನೀಡಿತು. ಇಂದಿನ ಸಂಶಯಗಳಲ್ಲಿ ಇಂಗ್ಲಿಷ್ ನುಡಿಗಟ್ಟುಗಳ ಪಾಲು ದೊಡ್ಡದು. ಕಚೇರಿ, ಬ್ಯಾಂಕು, ಮೊಬೈಲು ಮೂರೂ ಇಂಗ್ಲಿಷಿನಲ್ಲಿ ಮಾತನಾಡುತ್ತಿರುವಾಗ ಇದು ಸಹಜ.

ಎರಡು ಉಪಾಯವೇ, ನಾಲ್ಕೇ?

ಇಂಗ್ಲಿಷ್ ಬಲ್ಲವರಿಗೆಲ್ಲ ಪರಿಚಿತವಾದ ಮಾತು 'ಕ್ಯಾರಟ್ ಅಂಡ್ ಸ್ಟಿಕ್'. ಕತ್ತೆಯನ್ನು ನಡೆಸಲು ಮುಂದೆ ಗಜ್ಜರಿ, ಹಿಂದೆ ಕೋಲು. ಆಸೆ ಮತ್ತು ಭಯ ಎಂಬ ಎರಡೇ ಸಾಧನಗಳು ಇಲ್ಲಿವೆ.

ಭಾರತೀಯ ರಾಜನೀತಿ ಇದನ್ನು ನಾಲ್ಕಾಗಿ ವಿಂಗಡಿಸಿತು. ಕೌಟಿಲ್ಯನ ಅರ್ಥಶಾಸ್ತ್ರವೂ ವಿವರಿಸುವ ಸಾಮ, ದಾನ, ಭೇದ, ದಂಡ ಎಂಬ ಚತುರೋಪಾಯಗಳು ಕನ್ನಡದ ಮನೆಮಾತಿನಲ್ಲಿಯೂ ಉಳಿದಿವೆ. ಸಾಮ ಎಂದರೆ ಒಳ್ಳೆಯ ಮಾತು. ದಾನ ಎಂದರೆ ಕೊಡುಗೆ. ಭೇದ ಎಂದರೆ ಒಡಕು ಮೂಡಿಸುವುದು. ದಂಡ ಎಂದರೆ ಶಿಕ್ಷೆ. ಕತ್ತೆಯ ಉಪಮೆಯಲ್ಲಿ ಮೊದಲನೆಯದಕ್ಕೆ ಸ್ಥಾನವಿಲ್ಲ, ಕತ್ತೆಯೊಡನೆ ಯಾರೂ ಮಾತುಕತೆಗೆ ಕೂರುವುದಿಲ್ಲ. ಕನ್ನಡದ ಏಣಿ ಆರಂಭವಾಗುವುದೇ ಮಾತಿನಿಂದ.

ಮನವೊಲಿಕೆ, ಓಲೈಕೆ, ಪುಸಲಾವಣೆ

'ಪರ್ಸ್ವೇಡ್' ಎಂಬ ಇಂಗ್ಲಿಷ್ ಕ್ರಿಯಾಪದಕ್ಕೆ ಕನ್ನಡದಲ್ಲಿ ಅತ್ಯಂತ ಸಮೀಪವಾದ ಮಾತು 'ಮನವೊಲಿಸು'. ಮನಸ್ಸು ತಾನಾಗಿ ಒಲಿಯುವಂತೆ ಮಾಡುವುದು ಇದರ ಅರ್ಥ. ಒಪ್ಪಿಗೆ ಎದುರಿನವರದೇ ಆಗಿ ಉಳಿಯುತ್ತದೆ ಎಂಬುದು ಈ ಪದದ ಹಿರಿಮೆ. ಪಕ್ಷದೊಳಗಿನ ಭಿನ್ನಮತದ ವರದಿಗಳಲ್ಲಿ ಪತ್ರಿಕೆಗಳು ಇದನ್ನು ಧಾರಾಳವಾಗಿ ಬಳಸುತ್ತವೆ, ಆಗ ನಡೆದದ್ದು ನಿಜವಾಗಿಯೂ ಮನವೊಲಿಕೆಯೇ ಎಂಬುದು ಬೇರೆ ಮಾತು.

'ಓಲೈಸು' ಎಂಬುದಕ್ಕೆ ಹಳಗನ್ನಡದಲ್ಲಿ ಸೇವೆ ಮಾಡು, ಓಲಗಿಸು ಎಂಬ ಗೌರವದ ಅರ್ಥವಿತ್ತು. ಈಗ 'ಓಲೈಕೆ ರಾಜಕಾರಣ' ಎಂದೊಡನೆ ಅದು ಆರೋಪವಾಗುತ್ತದೆ. 'ಪುಸಲಾಯಿಸು' ಇನ್ನೂ ಕೆಳಗಿನ ಮೆಟ್ಟಿಲು. ಹಿಂದಿ, ಮರಾಠಿಗಳಲ್ಲಿ ಇದರ ಬಳಗದ ಪದಗಳಿವೆ. ಅಳುವ ಮಗುವಿಗೆ ಊಟ ಮಾಡಿಸಲು ತಾಯಿ ಪುಸಲಾಯಿಸಿದರೆ ಅದು ವಾತ್ಸಲ್ಯ. 'ಬಾಲಕಿಯನ್ನು ಪುಸಲಾಯಿಸಿ ಕರೆದೊಯ್ದ' ಎಂದು ಅಪರಾಧ ಸುದ್ದಿಯಲ್ಲಿ ಬಂದರೆ ಅದೇ ಪದ ವಂಚನೆಯಾಗುತ್ತದೆ.

ಹೊಗಳಿಕೆಯ ಮೂಲಕ ಕೆಲಸ ಸಾಧಿಸುವುದರಲ್ಲಿ ಎರಡೂ ಭಾಷೆಗಳ ಅಡುಗೆಮನೆ ಒಂದೇ. ಇಂಗ್ಲಿಷಿನ 'ಬಟರ್ ಅಪ್' ಕನ್ನಡದಲ್ಲಿ 'ಬೆಣ್ಣೆ ಹಚ್ಚು'. ಬೆಂಗಳೂರಿನ ಬೀದಿಮಾತು ಇದಕ್ಕೆ 'ಮಸ್ಕಾ ಹೊಡೆ', 'ಪೂಸಿ ಹೊಡೆ', 'ಬಕೆಟ್ ಹಿಡಿ' ಎಂಬ ಪರ್ಯಾಯಗಳನ್ನು ಸೇರಿಸಿದೆ. ಇವೆಲ್ಲ ನಗೆಯ ಮಾತುಗಳೆನಿಸಿದರೂ ಹೊಗಳಿಕೆಯ ಅಪಾಯವನ್ನು ಕನ್ನಡ ಬಹಳ ಹಿಂದೆಯೇ ಗುರುತಿಸಿದೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ತಮ್ಮ ಮೇಲಿನ ಹೊಗಳಿಕೆಯನ್ನು ಹೊನ್ನಿನ ಶೂಲಕ್ಕೆ ಹೋಲಿಸಿದ್ದರು.

ಹುರಿದುಂಬಿಸುವುದು, ಕುಮ್ಮಕ್ಕು ಕೊಡುವುದು

'ಎಗ್ ಆನ್' ಎಂಬ ಇಂಗ್ಲಿಷ್ ಮಾತಿಗೂ ಕೋಳಿಮೊಟ್ಟೆಗೂ ಸಂಬಂಧವಿಲ್ಲ. ಪ್ರಚೋದಿಸು ಎಂಬರ್ಥದ ಪ್ರಾಚೀನ ನಾರ್ಸ್ ಭಾಷೆಯ ಕ್ರಿಯಾಪದವೊಂದು ಅದರ ಮೂಲ. ಕತ್ತಿಯ ಅಂಚನ್ನು ಸೂಚಿಸುವ 'ಎಡ್ಜ್' ಅದರ ಬಂಧು. ಚೂಪಾದದ್ದರಿಂದ ತಿವಿದು ಮುಂದಕ್ಕೆ ನೂಕುವ ಚಿತ್ರ ಅದರಲ್ಲಿದೆ.

ಕನ್ನಡ ಇಲ್ಲಿ ಒಳಿತು ಕೆಡುಕುಗಳನ್ನು ಸ್ಪಷ್ಟವಾಗಿ ಬೇರ್ಪಡಿಸುತ್ತದೆ. 'ಹುರಿದುಂಬಿಸು' ಎಂದರೆ ಹುರುಪು ತುಂಬುವುದು. ಆಟದ ಮೈದಾನದಲ್ಲಿ, ಪರೀಕ್ಷೆಯ ಹಿಂದಿನ ದಿನ ನಡೆಯುವ ಕೆಲಸ ಅದು. 'ಕುಮ್ಮಕ್ಕು' ಎಂಬುದು ಸೇನೆಗೆ ಬರುವ ಹೆಚ್ಚುವರಿ ನೆರವನ್ನು ಸೂಚಿಸುತ್ತಿದ್ದ ತುರ್ಕಿ ಮೂಲದ ಪದ. ಕನ್ನಡದಲ್ಲಿ ಅದು ಕೆಟ್ಟ ಕೆಲಸಕ್ಕೆ ಹಿಂದಿನಿಂದ ನೀಡುವ ಬೆಂಬಲ. ಮರಾಠಿಯಿಂದ ಬಂದ 'ಚಿತಾವಣೆ' ಕೆರಳಿಸುವ ಕೆಲಸಕ್ಕೆ ಮೀಸಲು. 'ಕಿವಿಯೂದು' ಎಂಬುದು ಚತುರೋಪಾಯಗಳಲ್ಲಿ ಮೂರನೆಯದಾದ ಭೇದಕ್ಕೆ ಸಿಕ್ಕಿರುವ ಮನೆಯ ಹೆಸರು.

ಕಾನೂನು ಕೂಡ ಕುಮ್ಮಕ್ಕನ್ನು ಲಘುವಾಗಿ ಕಾಣುವುದಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 45ನೇ ಕಲಮು ದುಷ್ಪ್ರೇರಣೆ ಎಂದರೇನೆಂದು ವಿವರಿಸುತ್ತದೆ. ಅಪರಾಧಕ್ಕೆ ಪ್ರಚೋದನೆ ನೀಡುವುದು, ಅದರ ಸಂಚಿನಲ್ಲಿ ಭಾಗಿಯಾಗುವುದು ಹಾಗೂ ಉದ್ದೇಶಪೂರ್ವಕವಾಗಿ ನೆರವಾಗುವುದು ಅದರ ವ್ಯಾಪ್ತಿಗೆ ಬರುತ್ತವೆ. 'ನಾನು ಬರೀ ಮಾತನಾಡಿದೆ' ಎಂಬುದು ಸದಾ ಸಮರ್ಥನೆಯಾಗದು.

ವರಾತ, ತಗಾದೆ, ದುಂಬಾಲು

ಏಣಿಯ ನಡುವಿನ ಮೆಟ್ಟಿಲುಗಳಲ್ಲಿ ಹಣದ ವಾಸನೆ ಗಾಢವಾಗಿದೆ. 'ತಗಾದೆ' ಎಂಬುದು ಅರಬ್ಬಿ, ಪಾರಸಿ ಮಾರ್ಗವಾಗಿ ಬಂದ ಪದ. ಬಾಕಿ ಹಣವನ್ನು ಕೇಳುವುದು ಅದರ ಮುಖ್ಯಾರ್ಥ. 'ವರಾತ' ಮರಾಠಿ ಆಡಳಿತದ ಕಾಲದ ಭಾಷೆಯಲ್ಲಿ ಹಣ ಪಾವತಿಗೆ ಬರೆದುಕೊಡುವ ಆಜ್ಞಾಪತ್ರವಾಗಿತ್ತು. ಇಂದು ಕನ್ನಡದಲ್ಲಿ ವರಾತವೆಂದರೆ ಬಿಡದೆ ಪೀಡಿಸುವುದು. ಇಂಗ್ಲಿಷಿನ 'ನ್ಯಾಗಿಂಗ್' ಎಂಬುದಕ್ಕೆ ಇದಕ್ಕಿಂತ ಒಪ್ಪುವ ಪದ ಸಿಗಲಾರದು. 'ದುಂಬಾಲು ಬೀಳು' ಎಂಬಲ್ಲಿನ ದುಂಬಾಲು ಹಿಂದೆ, ಬಾಲ ಎಂಬರ್ಥದ ಪಾರಸಿ ಪದ. ಇಂಗ್ಲಿಷಿನವರು ಕತ್ತಿನ ಮೇಲೆ ಉಸಿರು ಬಿಡುತ್ತಾರೆ, ಕನ್ನಡದವರು ಬೆನ್ನು ಹತ್ತುತ್ತಾರೆ.

'ಧರಣಿ' ಎಂಬ ಪದದ ಪೂರ್ವೇತಿಹಾಸವೂ ಸಾಲ ವಸೂಲಿಯದೇ. ಸಾಲ ಕೊಟ್ಟವನು ಬಾಕಿದಾರನ ಬಾಗಿಲಲ್ಲಿ ಉಪವಾಸ ಕುಳಿತು, ತನಗೇನಾದರೂ ಆದರೆ ಪಾಪ ಮನೆಯವರಿಗೆ ಸುತ್ತಿಕೊಳ್ಳುವುದೆಂದು ಹೆದರಿಸುವ ಪದ್ಧತಿ ಹಿಂದೆ ದೇಶದ ಹಲವೆಡೆ ಇತ್ತು. 1860ರ ಭಾರತೀಯ ದಂಡ ಸಂಹಿತೆಯ 508ನೇ ಕಲಮು ದೈವಕೋಪದ ಭಯ ಹುಟ್ಟಿಸಿ ಕೆಲಸ ಮಾಡಿಸುವುದನ್ನು ಅಪರಾಧವೆಂದು ಸಾರಿ, ಬಾಗಿಲಲ್ಲಿ ಧರಣಿ ಕೂರುವುದನ್ನೇ ಅದಕ್ಕೆ ಉದಾಹರಣೆಯಾಗಿ ನೀಡಿತ್ತು. ಆ ಪದವೇ ಮುಂದೆ ಸರ್ಕಾರದ ವಿರುದ್ಧ ಪ್ರಜೆಗಳು ಹೂಡುವ ಶಾಂತಿಯುತ ಪ್ರತಿಭಟನೆಯ ಹೆಸರಾಯಿತು.

ವರಾತದ ಹೊಸ ರೂಪ ಮೊಬೈಲಿನಲ್ಲಿದೆ. 'ಇನ್ನು ಎರಡೇ ಉಳಿದಿವೆ', 'ಬೇಡ, ನನಗೆ ಉಳಿತಾಯ ಇಷ್ಟವಿಲ್ಲ' ಎಂಬಂಥ ಗುಂಡಿಗಳು, ಮುಚ್ಚಿದಷ್ಟೂ ತೆರೆದುಕೊಳ್ಳುವ ಸೂಚನೆಗಳು ಬಿ.ಟಿ.ಎಂ. ಬಡಾವಣೆಯ ಯುವಜನರಿಗೆ ಮಾತ್ರವಲ್ಲ, ಅವರ ಅಜ್ಜ ಅಜ್ಜಿಯರಿಗೂ ಪರಿಚಿತ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ತಂತ್ರಗಳನ್ನು 'ಡಾರ್ಕ್ ಪ್ಯಾಟರ್ನ್' ಎಂದು ಪಟ್ಟಿ ಮಾಡಿ ನಿಷೇಧಿಸಿತು. ಸುಳ್ಳು ಅವಸರ ಹುಟ್ಟಿಸುವುದು, ನಿರಾಕರಿಸಿದವರನ್ನು ನಾಚಿಸುವುದು, ಬಲವಂತದ ಕ್ರಿಯೆ ಹಾಗೂ ನ್ಯಾಗಿಂಗ್ ಆ ಪಟ್ಟಿಯಲ್ಲಿವೆ. ಅಜ್ಜಿ ಅಡುಗೆಮನೆಯಲ್ಲಿ 'ಏನು ವರಾತವೋ ನಿನ್ನದು' ಎಂದು ಗದರುತ್ತಿದ್ದ ನಡತೆ ಹೀಗೆ ಸರ್ಕಾರಿ ರಾಜ್ಯಪತ್ರದ ವಿಷಯವಾಯಿತು. ಗ್ರಾಹಕರು ರಾಷ್ಟ್ರೀಯ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.

ದಾಕ್ಷಿಣ್ಯ, ಮುಲಾಜು, ಹಂಗು

ಇಂಗ್ಲಿಷಿಗೆ ಸುಲಭವಾಗಿ ದಾಟದ ಪದಗಳು ಇಲ್ಲಿವೆ. ಯಾರೂ ಗದರದೆ, ಯಾರೂ ಕೈ ಎತ್ತದೆ ಒಬ್ಬರನ್ನು ಬಗ್ಗಿಸುವ ಶಕ್ತಿ ದಾಕ್ಷಿಣ್ಯಕ್ಕಿದೆ. ಎದುರಿನವರ ಮನ ನೋಯಿಸಬಾರದೆಂಬ ಸಂಕೋಚ ಅದು. ಅರಬ್ಬಿ ಮೂಲದ 'ಮುಲಾಜು' ಅದಕ್ಕೆ ಸ್ಥಾನಮಾನದ ಲೇಪವನ್ನು ಸೇರಿಸುತ್ತದೆ. 'ಹಂಗು' ಎಂಬುದು ಹಿಂದೆ ಪಡೆದ ಉಪಕಾರದ ಭಾರ. 'ಗಿಲ್ಟ್ ಟ್ರಿಪ್' ಎಂಬ ಇಂಗ್ಲಿಷ್ ಮಾತು ಹಂಗಿನ ಹತ್ತಿರ ಬರುತ್ತದೆಯಾದರೂ ಅಲ್ಲಿ ಒತ್ತಡ ಹೇರುವವನ ತಂತ್ರಕ್ಕೆ ಒತ್ತು. ಕನ್ನಡದಲ್ಲಿ ಒಳಗೊಳಗೇ ಬೇಯುವವನ ಸ್ಥಿತಿಗೆ ಒತ್ತು.

ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ತಾಣವಿಲ್ಲ ಎಂಬ ಒರಟು ಗಾದೆ ಇದರ ಪರಿಣಾಮವನ್ನು ಎಚ್ಚರಿಸುತ್ತದೆ. ಬೇಡ ಎನ್ನಲಾಗದವರು ಕಂಡುಕೊಂಡಿರುವ ಉಪಾಯ ಮುಂದೂಡುವುದು. 1990ರ ದಶಕದಲ್ಲಿ ರಾಜ್ಯದ ಹಲವೆಡೆ ಬಾಗಿಲು ತಟ್ಟುವ ದೆವ್ವವನ್ನು ಸಾಗಹಾಕಲು ಜನ ಗೋಡೆಯ ಮೇಲೆ ಬರೆದದ್ದು 'ಬರಬೇಡ' ಎಂದಲ್ಲ, 'ನಾಳೆ ಬಾ' ಎಂದು!

ಜಯನಗರ, ಬನಶಂಕರಿಯಂಥ ಹಳೆಯ ಬಡಾವಣೆಗಳಲ್ಲಿ ಈ ಮಾತಿಗೆ ಇನ್ನೊಂದು ತೂಕವಿದೆ. ದಶಕಗಳ ಹಿಂದೆ ಸಂಬಳದ ಹಣದಲ್ಲಿ ಕೊಂಡ ನಿವೇಶನಗಳು ಇಂದು ಕೋಟಿಗಳಲ್ಲಿ ಬೆಲೆ ಬಾಳುತ್ತವೆ. ಅವುಗಳ ಮಾಲೀಕರು ಇಳಿವಯಸ್ಸಿನಲ್ಲಿದ್ದಾರೆ. ಮನೆಯನ್ನು ಮಕ್ಕಳ ಹೆಸರಿಗೆ ಬರೆದುಕೊಡುವ ಮಾತು ಊಟದ ಹೊತ್ತಿನಲ್ಲಿ ಮೆಲ್ಲಗೆ ಆರಂಭವಾಗಿ, ಮುಲಾಜಿನ ಮೂಲಕ ಸಾಗಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮುಗಿಯಬಹುದು.

ಇಂಥ ಸನ್ನಿವೇಶಗಳನ್ನು ಶಾಸನ ಕಡೆಗಣಿಸಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 15ನೇ ಕಲಮು ಬಲವಂತವನ್ನೂ, 16ನೇ ಕಲಮು 'ಅನುಚಿತ ಪ್ರಭಾವ'ವನ್ನೂ ವ್ಯಾಖ್ಯಾನಿಸುತ್ತವೆ. ಒಬ್ಬರ ಇಚ್ಛೆಯನ್ನು ಆಳಬಲ್ಲ ಸ್ಥಾನದಲ್ಲಿರುವವರು ಆ ಸ್ಥಾನವನ್ನು ಬಳಸಿ ಅನ್ಯಾಯದ ಲಾಭ ಪಡೆದರೆ ಅದು ಅನುಚಿತ ಪ್ರಭಾವ. ವಯಸ್ಸು, ಕಾಯಿಲೆಗಳಿಂದ ಮನಸ್ಸು ದುರ್ಬಲವಾದವರೊಡನೆ ಮಾಡಿಕೊಳ್ಳುವ ಕರಾರನ್ನೂ ಅದು ಗಮನಕ್ಕೆ ತೆಗೆದುಕೊಳ್ಳುತ್ತದೆ. ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆ, 2007 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನೊಂದಿಗೆ ಹಿರಿಯರು ಆಸ್ತಿಯನ್ನು ವರ್ಗಾಯಿಸಿ, ಪಡೆದವರು ಆ ಷರತ್ತನ್ನು ಪಾಲಿಸದಿದ್ದರೆ, ಆ ವರ್ಗಾವಣೆ ವಂಚನೆ, ಬಲವಂತ ಅಥವಾ ಅನುಚಿತ ಪ್ರಭಾವದಿಂದ ಆದದ್ದೆಂದು ಭಾವಿಸಿ ಅದನ್ನು ಅನೂರ್ಜಿತಗೊಳಿಸಲು 23ನೇ ಕಲಮು ಅವಕಾಶ ನೀಡುತ್ತದೆ. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಯ ನೇತೃತ್ವದ ನ್ಯಾಯಮಂಡಳಿ ಈ ಅರ್ಜಿಗಳನ್ನು ವಿಚಾರಿಸುತ್ತದೆ. ಷರತ್ತು ದಾನಪತ್ರದಲ್ಲಿಯೇ ಸ್ಪಷ್ಟವಾಗಿ ಬರೆದಿದ್ದರೆ ಹಿರಿಯರ ಹಾದಿ ಸುಗಮ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567.

ತೋಳು ತಿರುಚುವುದು, ಆವಾಜ್ ಹಾಕುವುದು

ಏಣಿಯ ಮೇಲ್ತುದಿಯಲ್ಲಿ ದೇಹವೇ ನುಡಿಗಟ್ಟಾಗುತ್ತದೆ. ಇಂಗ್ಲಿಷಿನಲ್ಲಿ ತೋಳು ತಿರುಚುತ್ತಾರೆ, ತಲೆಗೆ ಬಂದೂಕು ಇಡುತ್ತಾರೆ. 'ಪುಟ್ ದ ಸ್ಕ್ರೂಸ್ ಆನ್' ಎಂಬ ಮಾತು ಹೆಬ್ಬೆರಳನ್ನು ತಿರುಪಿನಿಂದ ಹಿಂಡುತ್ತಿದ್ದ ಹಳೆಯ ಚಿತ್ರಹಿಂಸೆಯ ಉಪಕರಣದ ನೆನಪು. ಕನ್ನಡದಲ್ಲಿ 'ಕಿವಿ ಹಿಂಡು' ಎಂಬುದು ತಿದ್ದುವ ಹಿರಿಯರ ಹಕ್ಕು. 'ಮೂಗು ಹಿಡಿದರೆ ಬಾಯಿ ಬಿಟ್ಟಾನು' ಎಂಬುದು ಉಪಾಯ. 'ಕುತ್ತಿಗೆ ಹಿಡಿ' ಎಂಬುದು ಅಪಾಯ.

ಬೆಂಗಳೂರಿನ ಕೊಡುಗೆಯೂ ಇಲ್ಲಿ ಕಡಿಮೆಯಿಲ್ಲ. 'ಧಮ್ಕಿ ಹಾಕು', 'ಆವಾಜ್ ಹಾಕು' ಎಂದರೆ ಬೆದರಿಸು. ವಾರ ಎಂಬರ್ಥದ ಪಾರಸಿ 'ಹಫ್ತಾ' ವಾರವಾರವೂ ಕೀಳುವ ಹಣವಾಯಿತು. ರೂಢಿಯದು ಎಂಬರ್ಥದ 'ಮಾಮೂಲು' ಲಂಚವಾಯಿತು. ಶಾಲೆಯ ಹಾಜರಿ ಕರೆಯುವ 'ರೋಲ್ ಕಾಲ್' ಎಂಬ ಇಂಗ್ಲಿಷ್ ಪದಕ್ಕೆ ಸುಲಿಗೆ ಎಂಬ ಅರ್ಥ ಬಂದದ್ದೂ ಇಲ್ಲಿಯೇ ರೂಢಿಯಾದ ಬಳಕೆ. ಇಂಗ್ಲೆಂಡಿನವರಿಗೆ ಅದು ಅರ್ಥವಾಗಲಾರದು.

'ಒತ್ತು' ಧಾತುವಿನಿಂದ ಒತ್ತಡ, ಒತ್ತಾಯಗಳಷ್ಟೇ ಅಲ್ಲದೆ ಬೆಂಗಳೂರಿನ ಕೆರೆಗಳನ್ನು ನುಂಗಿದ 'ಒತ್ತುವರಿ'ಯೂ ಹುಟ್ಟಿದೆ. ಬಲದಿಂದ ಮಾಡಿಸಿದ್ದು ಎಂಬ ಅರ್ಥದ 'ಬಲಾತ್ಕಾರ' ಪತ್ರಿಕಾ ಭಾಷೆಯಲ್ಲಿ ಅತ್ಯಾಚಾರಕ್ಕೆ ಸೀಮಿತವಾಗುತ್ತ ಬಂದಂತೆ, ಉಳಿದ ಪ್ರಸಂಗಗಳಿಗೆ 'ಬಲವಂತ'ವೇ ಆಸರೆಯಾಯಿತು.

ಗಾದೆಯ ಮಾತು ಕಾಯ್ದೆಯಾದಾಗ

ಬಲವಂತ ಎಂಬ ಈ ಪದ 2025ರಲ್ಲಿ ರಾಜ್ಯದ ಶಾಸನದ ಕೇಂದ್ರಕ್ಕೆ ಬಂತು. ಆ ವರ್ಷದ ಜನವರಿಯಲ್ಲಿ ಕಿರುಸಾಲ ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ತೊರೆದ, ಪ್ರಾಣ ಕಳೆದುಕೊಂಡ ವರದಿಗಳು ಹಲವು ಜಿಲ್ಲೆಗಳಿಂದ ಬಂದವು. ಕಿರುಸಾಲ ಮತ್ತು ಸಣ್ಣ ಸಾಲಗಳ ವಸೂಲಿಯಲ್ಲಿ ಬಲವಂತದ ಕ್ರಮಗಳನ್ನು ತಡೆಯುವ ಸುಗ್ರೀವಾಜ್ಞೆಯನ್ನು ರಾಜ್ಯ ಸರ್ಕಾರ ಫೆಬ್ರುವರಿ 12ರಂದು ಜಾರಿಗೆ ತಂದಿತು. ಅದು ಬಳಿಕ ವಿಧಾನಮಂಡಲದ ಅಂಗೀಕಾರ ಪಡೆದು ಕಾಯ್ದೆಯಾಯಿತು. ಶಿಕ್ಷೆ ಗರಿಷ್ಠ 10 ವರ್ಷಗಳ ಸೆರೆವಾಸ ಮತ್ತು 5 ಲಕ್ಷ ರೂಪಾಯಿ ದಂಡ.

ಕಾಯ್ದೆ ಯಾವುದನ್ನು ಬಲವಂತವೆನ್ನುತ್ತದೆ ಎಂಬುದು ಗಮನಾರ್ಹ. ಸಾಲ ಪಡೆದವರನ್ನಾಗಲಿ ಕುಟುಂಬದವರನ್ನಾಗಲಿ ಅವಮಾನಿಸುವುದು, ಬೆದರಿಸುವುದು, ಹೋದಲ್ಲೆಲ್ಲ ಹಿಂಬಾಲಿಸುವುದು, ಮನೆಗೋ ಕೆಲಸದ ಸ್ಥಳಕ್ಕೋ ಪದೇ ಪದೇ ಬರುವುದು, ಸರ್ಕಾರಿ ಸೌಲಭ್ಯದ ದಾಖಲೆಗಳನ್ನು ಕಸಿದುಕೊಳ್ಳುವುದು. ಆಡುಮಾತಿನ ದುಂಬಾಲು, ಬೆನ್ನು ಹತ್ತುವಿಕೆ, ಬಾಗಿಲಲ್ಲಿ ಕೂರುವಿಕೆ ಇಲ್ಲಿ ಒಂದೊಂದಾಗಿ ಅಪರಾಧಗಳಾಗಿವೆ. 'ಸಾಲ ಮಾಡಿದ ಮೇಲೆ ಕೇಳದೆ ಬಿಡುತ್ತಾರೆಯೇ' ಎಂದು ಜನ ಸಹಿಸಿಕೊಂಡಿದ್ದ ಮೆಟ್ಟಿಲುಗಳನ್ನು ಕಾಯ್ದೆ ಮೇಲಕ್ಕೆ ಸರಿಸಿದೆ.

ರಿಸರ್ವ್ ಬ್ಯಾಂಕ್ ಸಹ ಗಡಿಯಾರದ ಗೆರೆ ಎಳೆಯಿತು. ಬಾಕಿ ಸಾಲಕ್ಕಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಗ್ರಾಹಕರಿಗೆ ಕರೆ ಮಾಡಕೂಡದೆಂದು 2022ರ ಆಗಸ್ಟ್ 12ರ ಸುತ್ತೋಲೆ ಸೂಚಿಸಿತು. ಕಿರುಸಾಲಗಳಿಗೆ ಅದೇ ವರ್ಷದ ಮಾರ್ಚಿನ ನಿರ್ದೇಶನಗಳು ನಿಗದಿಪಡಿಸಿದ ಮಿತಿ ಬೆಳಿಗ್ಗೆ 9ರಿಂದ ಸಂಜೆ 6. ಬಂಧುಗಳು, ಸ್ನೇಹಿತರು, ಸಹೋದ್ಯೋಗಿಗಳನ್ನು ಪೀಡಿಸುವುದೂ ಸಲ್ಲದು.

ಸಾಲವೇ ಇಲ್ಲದೆ ಬರುವ ಬೆದರಿಕೆಯೂ ಇದೆ. ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆ ಮಾಡಿ 'ಡಿಜಿಟಲ್ ಅರೆಸ್ಟ್' ಎನ್ನುವವರ ಆಯುಧ ಭಯ ಮತ್ತು ಅವಸರ ಎರಡೇ. ಭಾರತದ ಯಾವ ಕಾನೂನಿನಲ್ಲಿಯೂ ಅಂಥ ಬಂಧನವಿಲ್ಲ. ಕರೆ ಕಡಿದು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸುವುದು ಸರಿಯಾದ ಮಾರ್ಗ.

ದೂರಿನಲ್ಲಿ ಏನು ಬರೆಯಬೇಕು?

ನುಡಿಗಟ್ಟು ಮಾತಿಗೆ ಬಲ ತರುತ್ತದೆ, ದೂರಿಗೆ ತರುವುದಿಲ್ಲ. 'ಬಹಳ ಟಾರ್ಚರ್ ಕೊಡುತ್ತಿದ್ದಾರೆ', 'ಆರ್ಮ್ ಟ್ವಿಸ್ಟ್ ಮಾಡುತ್ತಿದ್ದಾರೆ' ಎಂಬ ವಾಕ್ಯದಿಂದ ತನಿಖಾಧಿಕಾರಿಗೆ ದೊರೆಯುವುದು ಅಲ್ಪ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಯಾವ ಮಾತು ಆಡಿದರು, ಏನು ಮಾಡದಿದ್ದರೆ ಏನು ಮಾಡುವೆನೆಂದರು ಎಂಬ ವಿವರ ಮುಖ್ಯ. ನ್ಯಾಯ ಸಂಹಿತೆಯ 351ನೇ ಕಲಮಿನ ಕ್ರಿಮಿನಲ್ ಬೆದರಿಕೆಗೂ 308ನೇ ಕಲಮಿನ ಸುಲಿಗೆಗೂ ಇರುವ ಅಂತರ ಇಂಥ ವಿವರಗಳಲ್ಲಿಯೇ ಇದೆ. ಹೆದರಿಸಿದ್ದು ಬೆದರಿಕೆ, ಹೆದರಿಸಿ ಹಣವನ್ನೋ ಸಹಿಯನ್ನೋ ಪಡೆದದ್ದು ಸುಲಿಗೆ. ಕರೆಗಳ ದಾಖಲೆ, ಸಂದೇಶಗಳ ಪ್ರತಿ ಉಳಿಸಿಕೊಳ್ಳುವುದು ಒಳಿತು.

ಅದಕ್ಕೂ ಮೊದಲು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಬೇಡ ಎಂದರೆ ಏನಾಗುತ್ತದೆ? ಎದುರಿನವರಿಗೆ ಬೇಸರವಷ್ಟೇ ಆಗುವುದಾದರೆ ಅದು ಮನವೊಲಿಕೆ. ನಿದ್ದೆ, ನೆಮ್ಮದಿ, ಮನೆ, ಮಾನಗಳಿಗೆ ಧಕ್ಕೆ ಬರುವುದಾದರೆ ಅದಕ್ಕೆ ಮುಲಾಜು, ವರಾತ ಎಂಬ ಮೃದು ಹೆಸರುಗಳು ಹೊಂದುವುದಿಲ್ಲ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬುದು ಹಿರಿಯರ ಅನುಭವದ ಮಾತು. ಬಲವಂತವನ್ನು ಬಲವಂತವೆಂದೇ ಕರೆಯುವುದು ನೆಟ್ಟಗೆ ನಿಲ್ಲುವ ಮೊದಲ ಹೆಜ್ಜೆ.